ಇಲ್ಲದ ಕೋವಿಗೆ ಇಬ್ಬರು ಗಿರಾಕಿಗಳು

ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಫೋಟೋ ಕೇಳುತ್ತಾರೆ. ಹಿಮದ ಬೆಟ್ಟ, ಕುರಿಮಂದೆ, ನೀಲಿ ಸರೋವರ. ಅವೆಲ್ಲ ನನ್ನ ಫೋನಿನಲ್ಲಿ ಇಲ್ಲವೆಂದಲ್ಲ. ಆದರೆ ನಾನು ಈಗಲೂ ತೆರೆದು ನೋಡುವುದು ಒಂದೇ ಒಂದು ಫೋಟೋವನ್ನು. ಅದರಲ್ಲಿ ಒಂದು ಬಿಳಿ ಗೋಡೆ, ಗೋಡೆಗೆ ಒರಗಿಸಿದ ಕೋವಿ, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟ್. ನಾನು ತೆಗೆದದ್ದಲ್ಲ. ಯಾರು, ಎಲ್ಲಿ ತೆಗೆದದ್ದೆಂದು ಇವತ್ತಿಗೂ ಗೊತ್ತಿಲ್ಲ. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಉರಿಯಲಿ ಎಂದೇ ಅಳಿಸದೆ ಇಟ್ಟುಕೊಂಡಿದ್ದೇನೆ.

ಇನ್ನಂಜೆಯಿಂದ ಹೊರಟದ್ದು

ನನ್ನ ತಮ್ಮ ದಿನಕರ ಮೊದಲು ಗಲ್ಫಿನಲ್ಲಿದ್ದ. ಅಲ್ಲಿಂದ ನ್ಯೂಜಿಲೆಂಡಿಗೆ ಹೋಗಿ ಹಾಲಿನ ಫಾರ್ಮ್ ಒಂದರಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಅವನ ಹೆಂಡತಿ ಮಮತಾ ಅಲ್ಲಿಯೇ ವೃದ್ಧಾಶ್ರಮವೊಂದರಲ್ಲಿ ನರ್ಸ್. "ಒಮ್ಮೆ ಬಂದು ಹೋಗಕ್ಕ, ನಾನು ಮ್ಯಾನೇಜರ್ ಆಗುವ ಸಮಯ ಬಂತು. ಮನೆಯ ಕಡೆಯಿಂದ ಒಬ್ಬರಾದರೂ ನೋಡುವುದು ಬೇಡವಾ?" ಎಂದು ಫೋನಿನಲ್ಲಿ ಹೇಳಿದ. ಕೊಯ್ಲು ಮುಗಿದು ಗದ್ದೆಗೆ ಉದ್ದು ಬಿತ್ತಿ ಆಗಿತ್ತು. "ನೀನು ಹೋಗಿ ಬಾ, ಇಲ್ಲಿಯದು ನಾನು ನೋಡಿಕೊಳ್ತೇನೆ," ಎಂದರು ನಮ್ಮವರು. ವೀಸಾದ ಕಾಗದಪತ್ರ ಸ್ಕ್ಯಾನ್ ಮಾಡಿಸಲು ಮಣಿಪಾಲಕ್ಕೆ ಮೂರು ಸಲ ಅಲೆದೆ. ಉಡುಪಿಯಿಂದ ಹಪ್ಪಳ, ಸಾರಿನ ಪುಡಿ, ಮಮತಾಳಿಗೆ ಒಂದು ಸೀರೆ ತಂದೆ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿ, ಕೊನೆಗೂ ಹೊರಟೆ.

ವಿಮಾನ ಇಳಿದ ಮೇಲೆ ಮೊದಲ ಸಂಕಟ ಶುರುವಾದದ್ದು ನನ್ನ ಚಪ್ಪಲಿಯಿಂದ. ಆ ದೇಶಕ್ಕೆ ಹೊರಗಿನ ಮಣ್ಣು ಬರಬಾರದಂತೆ. ಹೊರಡುವ ಹಿಂದಿನ ದಿನ ಗದ್ದೆಯ ಹುಣಿ, ಅಂದರೆ ಬದುವಿನ ಮೇಲೆ ನಡೆದಿದ್ದೆ, ಅಡಿಯಲ್ಲಿ ಕೆಸರು ಒಣಗಿ ಕುಳಿತಿತ್ತು. ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಕೈಗವಸು ಹಾಕಿದ ಹುಡುಗಿಯೊಬ್ಬಳು ಚಪ್ಪಲಿಯನ್ನು ಒಳಗೆ ಕೊಂಡುಹೋಗಿ, ಉಜ್ಜಿ ತೊಳೆದು, ಒದ್ದೆಯಾದದ್ದನ್ನು ಚೀಲದಲ್ಲಿ ಹಾಕಿ ನಗುತ್ತಾ ವಾಪಸು ಕೊಟ್ಟಳು. ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದರು. ಸಾರಿನ ಪುಡಿಯನ್ನು ಮೂಸಿ ಒಬ್ಬ ಸೀನಿದ. ಎಷ್ಟು ಚೊಕ್ಕ ದೇಶ ಮಾರಾಯ್ರೆ, ಇನ್ನಂಜೆಯ ಗದ್ದೆಯ ಒಂದು ಚಿಟಿಕೆ ಮಣ್ಣನ್ನೂ ಒಳಗೆ ಬಿಡುವುದಿಲ್ಲವಲ್ಲ ಎಂದುಕೊಂಡೆ. ಕಳ್ಳನೊಬ್ಬ ಯಾವ ಬಾಗಿಲನ್ನೂ ದಾಟದೆ ನನ್ನ ತಮ್ಮನ ಅಡುಗೆಮನೆಯ ಮೇಜಿನವರೆಗೆ ಬರಬಹುದು ಎಂಬುದು ಆಗ ಗೊತ್ತಿರಲಿಲ್ಲ.

ತಮ್ಮನ ಮನೆ, ಮೊದಲ ದಿನ

ಫಾರ್ಮಿನೊಳಗೇ ಮನೆ. ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ಸುತ್ತ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ಜನವರಿ ಅಲ್ಲಿ ಬೇಸಿಗೆ, ಹುಲ್ಲು ಒಣಗಿ ನಸುಗೆಂಪಾಗಿತ್ತು. ನಾನೂರು ದನಗಳು. ಒಂದಕ್ಕೂ ಹೆಸರಿಲ್ಲ, ಕಿವಿಯಲ್ಲಿ ನಂಬರು.

ಬಂದವಳೇ ಫೋನ್ ಚಾರ್ಜಿಗಿಡಲು ಹೋದೆ. ನಮ್ಮ ಮೂರು ಉರುಟು ಕಾಲಿನ ಪ್ಲಗ್ ಒಳಗೆ ಹೋಗಲೇ ಇಲ್ಲ. ಅಲ್ಲಿಯ ಪ್ಲಗ್ ಪಾಯಿಂಟಿನಲ್ಲಿ ಮೇಲೆ ಎರಡು ಓರೆ ಸೀಳು, ಕೆಳಗೆ ಒಂದು ನೇರ ಸೀಳು. ಹುಬ್ಬು ಇಳಿಸಿ ಅಳುವ ಮುಖದ ಹಾಗೆ.

"ಇದೆಂತ ದಿನು, ನಿನ್ನ ಮನೆಯ ಗೋಡೆಗಳೆಲ್ಲ ಅಳುಮುಖ ಮಾಡಿಕೊಂಡಿವೆ?"

"ಈ ದೇಶದ ಎಲ್ಲ ಗೋಡೆಯೂ ಹಾಗೇ ಅಕ್ಕ," ಎಂದು ನಕ್ಕ. ಪೇಟೆಗೆ ಹೋಗಿ ಅಡಾಪ್ಟರ್ ತಂದುಕೊಟ್ಟ. ಅಂಗಡಿಯವನು ಕೊಟ್ಟದ್ದು ಅಮೇರಿಕಕ್ಕೆ ಹೋಗುವವರದ್ದು, ಮೇಲೆ ಎರಡು ನೇರ ಕಾಲು, ಕೆಳಗೆ ಒಂದು ಉರುಟು ಕಾಲು. ಮತ್ತೆ ಹದಿನೈದು ಮೈಲಿ ಹೋಗಿ ಬದಲಿಸಿಕೊಂಡು ಬಂದ. ನಾನು ದಿನವೂ ನಾಲ್ಕು ಸಾಲು ಬರೆದಿಡುವವಳು. ಆ ದಿನದ ಸಾಲು ಹೀಗಿದೆ: "ಅಳುಮುಖದ ಗೋಡೆ. ಅಮೇರಿಕದ್ದಾದರೆ ನೇರ ಕಣ್ಣು, ಉರುಟು ಬಾಯಿ. ಬೆರಗಾದವರ ಹಾಗೆ."

ಬರುವ ದಾರಿಯಲ್ಲಿ ಇನ್ನೊಂದು ವಿಚಿತ್ರ ಕಂಡಿದ್ದೆ. ಯಾರದೋ ಫಾರ್ಮಿನ ಗೇಟಿನ ಬಳಿ ಒಂದು ಹಲಗೆ, ಹಲಗೆಯ ಮೇಲೆ ಮೊಟ್ಟೆ, ಸೋರೆಕಾಯಿಯಂಥದ್ದೇನೋ ತರಕಾರಿ, ಪಕ್ಕದಲ್ಲೊಂದು ಡಬ್ಬಿ. ಜನ ಇಲ್ಲ. ಬೇಕಾದವರು ಡಬ್ಬಿಗೆ ಹಣ ಹಾಕಿ ಸಾಮಾನು ಕೊಂಡುಹೋಗುವುದು.

"ಡಬ್ಬಿಯನ್ನೇ ಯಾರಾದರೂ ಕೊಂಡುಹೋದರೆ?" ಎಂದು ಕೇಳಿದೆ.

"ಇಲ್ಲಿ ಹಾಗೆಲ್ಲ ಮಾಡುವುದಿಲ್ಲ ಅಕ್ಕ. ಇದು ಬೇರೆ ದೇಶ." ಆ ಮಾತು ಹೇಳುವಾಗ ದಿನಕರನ ಮುಖದಲ್ಲಿ ಒಂದು ಹೆಮ್ಮೆಯಿತ್ತು. ಈಗ ಅದನ್ನು ನೆನೆದರೆ ನನಗೆ ಡಬ್ಬಿ ಇಟ್ಟವರ ಮೇಲೆ ಸಿಟ್ಟು ಬರುವುದಿಲ್ಲ. ಅಂಥ ಊರನ್ನೇ ಹುಡುಕಿ ಬಲೆ ಬೀಸುವವರ ಮೇಲೆ ಬರುತ್ತದೆ.

ಅಡುಗೆಮನೆಯ ಮೇಜು, ಆರನೆಯ ದಿನ

ಫಾರ್ಮಿನ ಧಣಿ ರಾಸ್. ಎಪ್ಪತ್ತು ದಾಟಿದವರು, ಒಂದೇ ಉಸಿರಿನಲ್ಲಿ ಹೌದು ಎಂದೂ ಇಲ್ಲ ಎಂದೂ ಹೇಳುವ ಮನುಷ್ಯ. ಅಲ್ಲಿ ಹಲವರು ಹಾಗೆಯೇ. ರಾಸ್ ಪೇಟೆಗೆ ಮನೆ ಬದಲಿಸುವವರಿದ್ದರು. ದನ ಬಿದ್ದು ಕಾಲು ಮುರಿದರೆ ಅಲ್ಲಿ ನರಳಲು ಬಿಡುವುದು ಅಪರಾಧ, ಕೂಡಲೇ ಗುಂಡು ಹಾಕಿ ಮುಗಿಸಬೇಕು. ಅಷ್ಟರವರೆಗೆ ಅದು ರಾಸ್ ಅವರ ಕೆಲಸ, ರಾಸ್ ಅವರ ಕೋವಿ. ಮ್ಯಾನೇಜರ್ ಆಗುವವನಿಗೆ ಸ್ವಂತ ಲೈಸೆನ್ಸ್, ಸ್ವಂತ ಕೋವಿ ಎರಡೂ ಬೇಕು ಎಂದಿದ್ದರು. ದಿನಕರ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದ. ಕೋವಿ ಹುಡುಕುತ್ತಿದ್ದ.

ಹುಡುಕಿದ್ದು ಆನ್‌ಲೈನ್ ಜಾಹೀರಾತಿನಲ್ಲಿ. ಆರನೆಯ ದಿನ ಚಹಾ ಕುಡಿಯುವಾಗ ಫೋನನ್ನು ನನ್ನ ಎದುರಿಗೆ ಇಟ್ಟ. "ನೋಡಕ್ಕ, ಹೇಗುಂಟು? ಅಂಗಡಿಯ ಅರ್ಧ ಬೆಲೆಗೆ."

ಬಿಳಿ ಗೋಡೆ, ಕೋವಿ. ಪಕ್ಕದಲ್ಲಿ ನೇರ ಕಣ್ಣಿನ, ಉರುಟು ಬಾಯಿಯ, ಬೆರಗಾದ ಮುಖದ ಪ್ಲಗ್ ಪಾಯಿಂಟ್.

ನಾನು ನೋಡಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆಯೇ ಹಲ್ಲು ಕಚ್ಚುವ ಹಾಗಾಗುತ್ತದೆ. ನಾನು ನೋಡಿದೆ, ಇದು ಈ ದೇಶದ ಗೋಡೆಯಲ್ಲವಲ್ಲ ಎಂದು ಮನಸ್ಸಿಗೆ ಬಂತು, ಬಾಯಿ ತೆರೆಯಲಿಲ್ಲ. ಬಂದು ಆರು ದಿನವಾದವಳು, ಪ್ಲಗ್ ಹಾಕಲೂ ಬರದವಳು, ಹನ್ನೊಂದು ವರ್ಷ ಇದ್ದವನಿಗೆ ಎಂತ ಹೇಳುವುದು? ಹೋದ ಮನೆಯಲ್ಲಿ ಎದುರು ಮಾತು ಆಡಬಾರದೆಂದು ಕಲಿತು ಬಂದ ಬುದ್ಧಿ. "ಚಂದ ಉಂಟು," ಎಂದೆ.

ಮಾರುವವನು ಸಮುದ್ರದಲ್ಲಿ ಕೆಲಸ ಮಾಡುವವನಂತೆ, ದಡಕ್ಕೆ ಬರಲು ಎರಡು ತಿಂಗಳು ಬೇಕಂತೆ. ಅದಕ್ಕೇ ಕೋವಿಯನ್ನು ಎದುರಿಗೆ ತೋರಿಸಲು ಆಗುವುದಿಲ್ಲ, ಗೆಳೆಯ ಕೊರಿಯರ್ ಮಾಡುತ್ತಾನೆ ಎಂದಿದ್ದ. ನಮ್ಮ ಪಕ್ಕದ ಕಾಪುವಿನಲ್ಲಿ ಹಡಗಿಗೆ ಹೋಗುವವರ ಮನೆ ಎಷ್ಟಿಲ್ಲ, ನಮಗದು ಸಹಜವಾಗಿ ಕಂಡಿತು. ಬೇರೊಬ್ಬರು ಕೇಳುತ್ತಿದ್ದಾರೆ, ಇವತ್ತೇ ಮುಂಗಡ ಹಾಕಿದರೆ ನಿಮಗೇ ಇಡುತ್ತೇನೆ ಎಂದ. ಹಣ ಹಾಕಬೇಕಾದ ಖಾತೆಯಲ್ಲಿದ್ದ ಹೆಸರು ಅವನದಲ್ಲ, ತಂಗಿಯದು ಎಂದ. ಮಾರುವವನು ಕೊಳ್ಳುವವನ ಲೈಸೆನ್ಸ್ ಪರಿಶೀಲಿಸಲೇಬೇಕು ಎಂಬುದು ಅಲ್ಲಿಯ ಕಾನೂನು. ಅದಕ್ಕೆ ನಂಬರನ್ನೂ ಕೇಳಿದ. ಕೋವಿಯನ್ನು ಕಳಿಸಿ ತರಿಸಿಕೊಳ್ಳಲು ಸರಕಾರಕ್ಕೊಂದು ಅರ್ಜಿ ಹಾಕಬೇಕು, ಅದನ್ನು ನಾನೇ ಹಾಕುತ್ತೇನೆ, ನಿಮಗೆ ತೊಂದರೆ ಬೇಡ ಎಂದ. ಅದು ಕೊಳ್ಳುವವನೇ ಹಾಕಬೇಕಾದ ಅರ್ಜಿ ಎಂದು ಆಮೇಲೆ ಠಾಣೆಯಲ್ಲಿ ತಿಳಿಯಿತು.

ಅವನು ಕೇಳಿದ್ದು ನಂಬರು ಮಾತ್ರ. ದಿನಕರ ಕೊಟ್ಟದ್ದು ಅದಕ್ಕಿಂತ ಹೆಚ್ಚು.

ಇಲ್ಲಿ ನಮ್ಮ ಅಪ್ಪನ ಬಗ್ಗೆ ಹೇಳಬೇಕು. ನಮ್ಮ ತವರು ಕಾರ್ಕಳದ ಕಡೆ. ಹಂದಿಯ ಕಾಟಕ್ಕೆ ಅಪ್ಪನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ಕೋವಿಯಿತ್ತು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಆ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದರು. ಕೋವಿಗೆ ಹಳೆ ಲುಂಗಿ ಸುತ್ತಿ, ಲೈಸೆನ್ಸ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಸ್ಸು ಹತ್ತಿದವರೇ ಕಂಡಕ್ಟರಿಗೆ ಪುಸ್ತಕ ತೋರಿಸುವರು. "ಟಿಕೆಟ್ ಮಾಡಿದರೆ ಸಾಕು ಮಾರಾಯ್ರೆ, ಪುಸ್ತಕ ಯಾಕೆ?" ಎಂದು ಅವನು ನಗುತ್ತಿದ್ದ. ಅಪ್ಪ ನಗುತ್ತಿರಲಿಲ್ಲ. ಕೋವಿ ಹಿಡಿದವನನ್ನು ಕಂಡರೆ ಜನ ಮೊದಲು ಎಣಿಸುವುದು ಕದ್ದು ಬೇಟೆಯಾಡುವವನೆಂದು. ಅದಕ್ಕೇ ಯಾರೂ ಕೇಳುವ ಮೊದಲೇ ಪುಸ್ತಕ ತೆರೆದು ತೋರಿಸಿಬಿಡುವುದು. ನಮ್ಮ ಕಡೆ ಕೋವಿ ಇದ್ದವರೆಲ್ಲ ಮಾನ ಕಾಯ್ದುಕೊಳ್ಳುತ್ತಿದ್ದದ್ದು ಹಾಗೆ.

ದಿನಕರ ಎದ್ದುಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದ. ಲೈಸೆನ್ಸ್ ಕಾರ್ಡನ್ನು ಎದೆಯ ಹತ್ತಿರ ಹಿಡಿದು, "ಒಂದು ಫೋಟೋ ತೆಗಿ ಅಕ್ಕ. ನಾನು ಯಾರು ಅಂತ ಅವನಿಗೂ ಗೊತ್ತಾಗಲಿ," ಎಂದ. ನಾನೇ ತೆಗೆದೆ. "ಅಪ್ಪನ ಹಾಗೇ ಕಾಣ್ತಿ," ಎಂದೂ ಹೇಳಿದೆ. ಫೋಟೋ, ಮನೆಯ ಪೂರ್ತಿ ವಿಳಾಸ, ಮುಂಗಡ ಎಲ್ಲವೂ ಒಂದೇ ಸಂಜೆ ಹೋದವು.

ಹುಲ್ಲುಗಾವಲು, ಹದಿಮೂರನೆಯ ದಿನ

ಕೋವಿ ಬರಲಿಲ್ಲ. ಕೊರಿಯರಿನವರು ವಿಮೆ ಕೇಳುತ್ತಿದ್ದಾರೆ, ಇನ್ನಷ್ಟು ಹಾಕಿ ಎಂಬ ಸಂದೇಶ ಬಂತು. ದಿನಕರ ಫೋನ್ ಮಾಡಿದರೆ ಎತ್ತಲಿಲ್ಲ. "ಎದುರಿಗೆ ನೋಡದೆ ಇನ್ನು ಕೊಡುವುದಿಲ್ಲ," ಎಂದು ಬರೆದ. ಜಾಹೀರಾತು ಮಾಯ, ಮನುಷ್ಯ ಮಾಯ.

ಹದಿಮೂರನೆಯ ದಿನ ಮಧ್ಯಾಹ್ನ ಒಂದು ದನ ನೀರು ಹರಿಯುವ ತೋಡಿಗೆ ಬಿದ್ದು ಹಿಂಗಾಲು ಮುರಿದುಕೊಂಡಿತು. ರಾಸ್ ಪೇಟೆಯಲ್ಲಿದ್ದರು, ಬರಲು ಒಂದು ಗಂಟೆ ಬೇಕಾಯಿತು. ಆ ಒಂದು ಗಂಟೆ ದಿನಕರ ದನದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಕುಳಿತಿದ್ದ. ನಾನು ಬಕೆಟಿನಲ್ಲಿ ನೀರು ತಂದು ಅದರ ಬಾಯಿಗೆ ಹಚ್ಚುತ್ತಿದ್ದೆ. ದನ ಕೂಗಲಿಲ್ಲ, ಉಸಿರು ಮಾತ್ರ ಗರಗಸದ ಹಾಗೆ. ರಾಸ್ ಬಂದು ಹಾರಿಸಿದ ಗುಂಡಿನ ಸದ್ದು ಕೇಳುವಾಗ ನಾನು ಬೆನ್ನು ಹಾಕಿ ನಿಂತಿದ್ದೆ. ದೀಪಾವಳಿಗೆ ಗೋಪೂಜೆ ಮಾಡುವ ಕೈ ನನ್ನದು, ಅಯ್ಯೋ ಎನಿಸಿತು. ಆದರೆ ನಮ್ಮಲ್ಲಿಯೂ ಹಾಲು ನಿಂತ ದನವನ್ನು ಹಟ್ಟಿಯಿಂದ ಬಿಚ್ಚಿ ಕೊಟ್ಟು, ಎಲ್ಲಿಗೆ ಹೋಯಿತೆಂದು ಕೇಳದೆ ಇರುವವರು ಇಲ್ಲವೇ? ಇವರು ಬೆನ್ನು ಹಾಕದೆ ಹತ್ತಿರ ಹೋಗುತ್ತಾರೆ, ಅಷ್ಟೇ.

ರಾಸ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇದಕ್ಕೇ ನಿನಗೆ ಕೋವಿ ಬೇಕೆಂದದ್ದು," ಎಂದು ನೆಲ ನೋಡುತ್ತಾ ಹೇಳಿ ಹೋದರು.

ಎರಡು ದಿನ ಬಿಟ್ಟು ಪೊಲೀಸ್ ಠಾಣೆಯಿಂದ ಫೋನ್ ಬಂತು. ದಿನಕರ ಎಂಬವನು ಇಲ್ಲದ ಕೋವಿಗೆ ಜಾಹೀರಾತು ಹಾಕಿ ಮುಂಗಡ ತಿಂದಿದ್ದಾನೆಂದು ಇಬ್ಬರು ದೂರು ಕೊಟ್ಟಿದ್ದಾರೆ, ಸೋಮವಾರ ಲೈಸೆನ್ಸ್ ತೆಗೆದುಕೊಂಡು ಬರಬೇಕು. ಆ ಬಿಳಿ ಅಂಗಿಯ ಫೋಟೋವನ್ನು ಆ ಕಳ್ಳ ತನ್ನದೆಂದು ತೋರಿಸಿ, ಅದೇ ಗೋಡೆಯ ಅದೇ ಕೋವಿಯನ್ನು ಮತ್ತೆ ಮಾರಲಿಕ್ಕೆ ಇಟ್ಟಿದ್ದ! ಮೋಸ ಹೋದವನನ್ನೇ ಮುಂದಿನ ಮೋಸಕ್ಕೆ ಮುಖವಾಡ ಮಾಡಿಕೊಂಡಿದ್ದ.

ರಾಸ್ ಅವರಿಗೂ ಸುದ್ದಿ ಮುಟ್ಟಿತು. "ಲೈಸೆನ್ಸ್ ಉಳಿದರೆ ಕೆಲಸ ನಿನ್ನದೇ. ಹೋದರೆ ನನ್ನ ಕೈಯಲ್ಲಿಲ್ಲ," ಎಂದರು. ಕೆಲಸ ಇಲ್ಲವೆಂದರೆ ಮನೆಯೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹನ್ನೊಂದು ವರ್ಷದಲ್ಲಿ ಗೇಟಿನ ಡಬ್ಬಿಗೆ ಒಂದು ನಾಣ್ಯವನ್ನೂ ಕಡಿಮೆ ಹಾಕದವನು ಆ ಊರಿನಲ್ಲಿ ಕಳ್ಳನಾಗಿಬಿಡುತ್ತಿದ್ದ.

ಮಮತಾ ಮಾತ್ರ ಒಮ್ಮೆ ಸಿಡಿದಳು. "ನಿಮಗೆ ಯಾರು ಹೇಳಿದ್ದು ಮದುಮಗನ ಹಾಗೆ ಅಂಗಿ ಹಾಕಿ ಫೋಟೋ ಕಳಿಸಲಿಕ್ಕೆ? ಅವನು ಹೆಣ್ಣು ಕೊಡ್ತೇನೆ ಅಂದಿದ್ದನಾ?"

"ಸುಮ್ಮನಿರು ಮಾರಾಯ್ತಿ," ಎಂದ ದಿನಕರ, ದನಿ ಇಲ್ಲದೆ.

ಫೋಟೋ ತೆಗೆದ ನಾನು ಪಾತ್ರೆ ತೊಳೆಯುತ್ತಾ ನಿಂತಿದ್ದೆ.

ಗೇಟು, ಭಾನುವಾರ

ಭಾನುವಾರ ಹನ್ನೊಂದು ಗಂಟೆಗೆ ಕೆಸರು ಮೆತ್ತಿದ ಕಾರೊಂದು ಗೇಟಿನಲ್ಲಿ ನಿಂತಿತು. ದಿನಕರ ಹಾಲು ಕರೆಯುವ ಶೆಡ್ಡಿನಲ್ಲಿದ್ದ, ಮಮತಾ ಡ್ಯೂಟಿಗೆ ಹೋಗಿದ್ದಳು. ಬರಿಗಾಲಿನ, ಬಿಳಿ ಕೂದಲಿನ, ಗಟ್ಟಿ ಮೈಯ ಹೆಂಗಸೊಬ್ಬಳು ಇಳಿದಳು. ಆ ದೇಶದಲ್ಲಿ ಬರಿಗಾಲಿನಲ್ಲಿ ಪೇಟೆಗೂ ಬರುತ್ತಾರೆ, ಅದಕ್ಕೆ ನಾನು ಅಷ್ಟರಲ್ಲಿ ಹೊಂದಿಕೊಂಡಿದ್ದೆ. ಹೊಂದಿಕೊಳ್ಳಲಾಗದ್ದು ಅವಳ ಕೈಯಲ್ಲಿದ್ದ ಫೋನಿನಲ್ಲಿತ್ತು. ನನ್ನ ತಮ್ಮ, ಬಿಳಿ ಅಂಗಿ.

"ಇವನೆಲ್ಲಿ? ನನ್ನ ಕೋವಿ ಎಲ್ಲಿ?"

ಅವಳ ಹೆಸರು ಜೂನ್. ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಗಂಡ ತೀರಿಹೋದ ಮೇಲೆ ಒಬ್ಬಳೇ ಕುರಿ ಸಾಕುವವಳು, ಬೀಡಾಡಿ ನಾಯಿಗಳು ಬಂದು ಕುರಿ ಕಚ್ಚಿ ಹಾಕುತ್ತಿದ್ದವಂತೆ. ಮಾರುವವನು ಮನೆಯಲ್ಲಿ ಕಾಯಿಲೆ, ನೋಡಲು ಬರಬೇಡಿ, ಬೇಕಾದರೆ ನನ್ನ ಲೈಸೆನ್ಸ್ ನೋಡಿ, ವಿಳಾಸ ನೋಡಿ ಎಂದು ದಿನಕರನ ಫೋಟೋ, ದಿನಕರನ ವಿಳಾಸ ಕಳಿಸಿದ್ದ. ಬರಬೇಡ ಎಂದದ್ದಕ್ಕೇ ಇವಳು ಬಂದಿದ್ದಳು.

"ಇವನು ನನ್ನ ತಮ್ಮ. ಕಳ್ಳ ಅಲ್ಲ. ಇವನೂ ಹಣ ಕೊಟ್ಟವನೇ," ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

"ಕಳ್ಳನ ಅಕ್ಕ ಬೇರೆ ಎಂತ ಹೇಳುತ್ತಾಳೆ?" ಎಂಬರ್ಥ ಬರುವ ಹಾಗೆ ಏನೋ ಅಂದಳು. ನನಗೂ ಏರಿತು. ಸರಿ, ಮೊದಲು ಅವನ ಬಾಯಿಂದಲೇ ಕೇಳು ಎಂದು ಅವಳ ಕೈ ಹಿಡಿದು ಶೆಡ್ಡಿನವರೆಗೆ ನಡೆಸಿಕೊಂಡು ಹೋದೆ. ದಿನಕರ ಹೊರಗೆ ಬಂದು, "ಏನಾಗಬೇಕಿತ್ತು?" ಎಂದು ಕೇಳಿದ.

ಅವಳು ತಟಕ್ಕನೆ ನಿಂತಳು. "ಇನ್ನೊಮ್ಮೆ ಮಾತಾಡು."

ಇನ್ನೊಮ್ಮೆ ಮಾತಾಡಿದ. ಅವಳ ಮುಖದ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು. ಮಾರುವವನು ಅವಳಿಗೆ ಒಮ್ಮೆ ಫೋನ್ ಮಾಡಿದ್ದ. ಆ ಸ್ವರ ಇದಲ್ಲ, ಮಾತಿನ ರಾಗವೂ ಇದಲ್ಲ. "ಇವನಲ್ಲ," ಎಂದಳು ನನ್ನತ್ತ ತಿರುಗಿ, ಅದೂ ನನ್ನದೇ ತಪ್ಪು ಎಂಬ ಹಾಗೆ.

ಮೇಜಿನ ಹತ್ತಿರ ಕೂರಿಸಿ ಚಹಾ ಕೊಟ್ಟೆ, ಹಪ್ಪಳ ಕರಿದೆ. ಚಹಾ ಬೇಡ ಎಂದವಳು ಹಪ್ಪಳ ಐದು ತಿಂದಳು. ಅವಳ ಫೋನಿನ ಜಾಹೀರಾತನ್ನು ದಿನಕರನಿಗೆ ತೋರಿಸಿದಳು. ಅದೇ ಬೆರಗಾದ ಮುಖ.

ನಾನು ಎದ್ದುಹೋಗಿ ಗೋಡೆಯ ಪ್ಲಗ್ ಪಾಯಿಂಟನ್ನು ತೋರಿಸಿದೆ, ಆಮೇಲೆ ಫೋಟೋವನ್ನು. "ಇದು ಈ ದೇಶದ ಗೋಡೆಯೇ ಅಲ್ಲ."

ಇಬ್ಬರೂ ಫೋನಿಗೆ ಬಗ್ಗಿದರು. ದಿನಕರ ಮೆಲ್ಲ ತಲೆ ಎತ್ತಿದ. "ನೀನು ಯಾವಾಗ ನೋಡಿದ್ದು ಅಕ್ಕ?"

"ನೀನು ತೋರಿಸಿದ ದಿನವೇ."

"ಮತ್ತೆ ಹೇಳಲಿಲ್ಲ ಯಾಕೆ?"

ಅವನು ಎದ್ದು ಹಿತ್ತಲಿಗೆ ಹೋದ. ಹನ್ನೊಂದು ವರ್ಷದ ಹೆಸರು, ಅವತ್ತು ನನ್ನ ಒಂದು ಮಾತಿನಿಂದ ಉಳಿಯುತ್ತಿತ್ತು.

ಜೂನ್ ಕಾರಿನ ಬೀಗದ ಕೈ ತೆಗೆದುಕೊಂಡಳು. ನಾಳೆ ನಮ್ಮ ಜೊತೆ ಠಾಣೆಗೆ ಬಂದು ಆ ಸ್ವರ ಇವನದ್ದಲ್ಲ ಎಂದು ಹೇಳಬೇಕೆಂದು ಕೇಳಿಕೊಂಡೆ. ಆಗುವುದಿಲ್ಲ ಎಂದಳು. ದೂರು ಕೊಟ್ಟ ಆ ಇಬ್ಬರಲ್ಲಿ ಅವಳಿಲ್ಲ, ಅವಳು ದೂರನ್ನೇ ಕೊಟ್ಟಿರಲಿಲ್ಲ. ದೂರು ಕೊಟ್ಟರೆ ಮಕ್ಕಳಿಗೆ ಗೊತ್ತಾಗುತ್ತದೆ, ಅಮ್ಮನಿಗೆ ಇನ್ನು ಬುದ್ಧಿ ಕೆಲಸ ಮಾಡುವುದಿಲ್ಲ, ಜಾಗ ಮಾರಿಸಿ ಎಂದು ಶುರುಮಾಡುತ್ತಾರೆ. ನೆರೆಕರೆಯವರು ನಗುತ್ತಾರೆ. ಹೋದದ್ದು ಹೋಗಲಿ, ಯಾರಿಗೂ ಹೇಳುವುದು ಬೇಡ.

ಅಷ್ಟು ಹೊತ್ತು ತಡೆದದ್ದೆಲ್ಲ ನನ್ನ ಬಾಯಿಯಿಂದ ಹೊರಗೆ ಬಂತು. ಇಂಗ್ಲಿಷೋ ಕನ್ನಡವೋ ತುಳುವೋ, ನನಗೇ ಗೊತ್ತಿಲ್ಲ. "ನಾನು ನೋಡಿಯೂ ಸುಮ್ಮನಿದ್ದೆ, ನೀನು ಕಳೆದುಕೊಂಡೂ ಸುಮ್ಮನಿರುತ್ತಿ. ನಾವು ಇಬ್ಬರೂ ಮರ್ಯಾದೆಗೆ ಹೆದರಿ ಬಾಯಿ ಮುಚ್ಚುತ್ತೇವೆ ಎಂದು ಅವನಿಗೆ ಗೊತ್ತುಂಟು. ಅವನ ಬಂಡವಾಳ ಕೋವಿಯಲ್ಲ, ನಮ್ಮ ನಾಚಿಕೆ! ನಾಚಿಕೆ ಆಗಬೇಕಾದವನು ಅವನು. ನೀನಲ್ಲ, ನನ್ನ ತಮ್ಮನಲ್ಲ!"

ಅವಳಿಗೆ ಎಷ್ಟು ಅರ್ಥವಾಯಿತೋ. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು, "ಮಲಗಲು ಜಾಗ ಉಂಟಾ?" ಎಂದು ಕೇಳಿದಳು.

ಠಾಣೆ, ಸೋಮವಾರ

ಅಧಿಕಾರಿ ಚಿಕ್ಕ ಪ್ರಾಯದವನು, ನಯವಾದ ಮಾತು. ಕುರ್ಚಿ ಕೊಟ್ಟ, ನೀರು ಕೊಟ್ಟ, ಹತ್ತು ಸಲ ಸಾರಿ ಎಂದ. ಬೈಯುವುದಿದ್ದರೂ ಅಲ್ಲಿ ಹೀಗೇ. ದಿನಕರ ಕುಳಿತವನೇ ಅಭ್ಯಾಸದಿಂದ ಲೈಸೆನ್ಸ್ ತೆಗೆದು ಎದುರಿಗಿಟ್ಟ. ಅದನ್ನು ಆ ಹುಡುಗ ತನ್ನ ಕಡೆಗೆ ಎಳೆದುಕೊಂಡು ಡ್ರಾಯರಿಗೆ ಹಾಕಿದ. ಡ್ರಾಯರ್ ಮುಚ್ಚಿದ ಸದ್ದಿಗೆ ನನ್ನ ತಮ್ಮನ ಭುಜ ಕುಸಿದದ್ದನ್ನು ನೋಡಿದೆ. ಅಪ್ಪನ ಪುಸ್ತಕವನ್ನು ಯಾವ ಠಾಣೆಯೂ ಹಾಗೆ ಇಟ್ಟುಕೊಂಡಿರಲಿಲ್ಲ.

"ಎದುರಿಗೆ ನೋಡದೆ ಹಣ ಕಳಿಸಿದ್ದು ಯಾಕೆ? ಬೇರೆಯವರ ಹೆಸರಿನ ಖಾತೆ ಎಂದಾಗ ಸಂಶಯ ಬರಲಿಲ್ಲವೇ? ಅರ್ಧ ಬೆಲೆಗೆ ಯಾರು ಕೊಡುತ್ತಾರೆ?" ಎಲ್ಲವನ್ನೂ ಅವನು ಕೇಳಿದ. ಎಲ್ಲವೂ ಸರಿಯಾದ ಪ್ರಶ್ನೆಗಳೇ. ಆದರೆ ಕೇಳಿದ್ದೆಲ್ಲ ಮೋಸ ಹೋದವನನ್ನು. ಮೋಸ ಮಾಡಿದವನನ್ನು ಕೇಳಲು ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ, ಬಹುಶಃ ಈ ದೇಶದಲ್ಲೇ ಇಲ್ಲ, ಹಣ ಮರಳುವ ಆಸೆ ಇಡಬೇಡಿ ಎಂದು ಬಹಳ ವಿನಯದಿಂದ ಹೇಳಿದ.

ಜೂನ್ ಮೇಜು ಗುದ್ದಿದಳು. "ನನ್ನ ಹೇಳಿಕೆ ಬರೆದುಕೋ. ನನಗೆ ಫೋನ್ ಮಾಡಿದವನು ಇವನಲ್ಲ. ಇವನ ಮನೆಯಲ್ಲಿ ಒಂದು ರಾತ್ರಿ ಮಲಗಿ ಬಂದಿದ್ದೇನೆ, ಆ ಗೋಡೆ ಆ ಮನೆಯಲ್ಲಿಲ್ಲ." ಆಮೇಲೆ ನನ್ನ ಬೆನ್ನಿಗೆ ತಟ್ಟಿ, "ಹೇಳು," ಎಂದಳು.

ಹೇಳಿದೆ. ಅಳುಮುಖ, ಬೆರಗಿನ ಮುಖ. ಆ ಹುಡುಗ ಫೋಟೋ ನೋಡಿದ, ತಿರುಗಿ ತನ್ನ ಬೆನ್ನಹಿಂದಿನ ಗೋಡೆ ನೋಡಿದ, ಮತ್ತೆ ಫೋಟೋ ನೋಡಿದ. ದಿನಕರ ಹಣ ಕಳಿಸಿದ ದಾಖಲೆಯ, ಸಂದೇಶಗಳ ಪ್ರತಿಗಳನ್ನೆಲ್ಲ ಆ ಅಧಿಕಾರಿ ತೆಗೆದಿಟ್ಟುಕೊಂಡ. "ನೀವು ಪೊಲೀಸರಾಗಬೇಕಿತ್ತು," ಎಂದ ನನಗೆ. ನನಗೆ ನಗು ಬರಲಿಲ್ಲ. ಆರನೆಯ ದಿನ ಅಕ್ಕನಾಗಿದ್ದರೆ ಸಾಕಿತ್ತು.

ನಾನು ಹೊರಡುವ ನಾಲ್ಕು ದಿನ ಮುಂಚೆ ಲೈಸೆನ್ಸ್ ವಾಪಸು ಬಂತು, ಈತನ ಮೇಲೆ ತಪ್ಪಿಲ್ಲ ಎಂಬ ಪತ್ರದ ಜೊತೆಗೆ. ಮರುದಿನ ರಾಸ್ ದಿನಕರನನ್ನು ಪೇಟೆಯ ಅಂಗಡಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಹಿಡಿದು, ಮೇಲೆ ಕೆತ್ತಿದ ನಂಬರನ್ನು ಕಾಗದದ ನಂಬರಿಗೆ ತಾಳೆ ನೋಡಿ, ಪೂರ್ತಿ ಬೆಲೆ ಕೊಟ್ಟು ಕೋವಿ ತಂದರು. ಜೂನ್‌ಗೆ ಮಕ್ಕಳು ಎರಡು ದಿನ ಉಪದೇಶ ಮಾಡಿದರಂತೆ. ಮೂರನೆಯ ದಿನ ಫೋನ್ ಇಟ್ಟುಬಿಟ್ಟಳಂತೆ.

ಮತ್ತೆ ಇನ್ನಂಜೆ

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೇ ಬಂದೆ. ಉದ್ದು ಕಿತ್ತು ಒಣಹಾಕಿದ್ದರು. ಮಂಗಳೂರಿನಲ್ಲಿ ಚಪ್ಪಲಿಯನ್ನು ಯಾರೂ ನೋಡಲಿಲ್ಲ.

ಬಂದು ಎರಡನೆಯ ವಾರ ಮಮತಾ ಒಂದು ಚಿತ್ರ ಕಳಿಸಿದಳು. ಹೊಸ ಹೆಸರಿನ ಜಾಹೀರಾತು, ಅದೇ ಗೋಡೆ, ಅದೇ ಕೋವಿ. ನಂಬಿಕೆಗೆಂದು ಕೆಳಗೆ ನನ್ನ ತಮ್ಮ, ಬಿಳಿ ಅಂಗಿಯಲ್ಲಿ ನಗುತ್ತಾ. ತಪ್ಪಿಲ್ಲ ಎಂಬ ಪತ್ರ ನಡೆಯುವುದು ಪೊಲೀಸರ ಕಡತದಲ್ಲಿ ಮಾತ್ರ. ಕಳ್ಳನ ಕೈಯಲ್ಲಿರುವ ಮುಖವನ್ನು ಯಾವ ಪತ್ರವೂ ಕಿತ್ತು ತರುವುದಿಲ್ಲ.

ಅವತ್ತಿನಿಂದ ಬೆಳಿಗ್ಗೆ ದೇವರಿಗೆ ದೀಪ ಇಟ್ಟು, ಚಹಾ ಮಾಡಿ, ಫೋನ್ ಹಿಡಿದು ಕೂರುತ್ತೇನೆ. ಹುಡುಕುವುದನ್ನು ಮಮತಾ ಕಲಿಸಿಕೊಟ್ಟಿದ್ದಾಳೆ. ಕೆಲವು ದಿನ ಜಾಹೀರಾತು ಇರುವುದಿಲ್ಲ. ಇದ್ದ ದಿನ ದೂರಿನ ಗುಂಡಿ ಒತ್ತುತ್ತೇನೆ, ಕೆಳಗೆ ಒಂದೇ ಸಾಲು ಬರೆಯುತ್ತೇನೆ: ಈ ಫೋಟೋದಲ್ಲಿರುವವನು ನನ್ನ ತಮ್ಮ, ಇವನು ಕೋವಿ ಮಾರುತ್ತಿಲ್ಲ, ಹಣ ಕಳಿಸಬೇಡಿ. ಆ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಜೂನ್ ಊಟ ಮುಗಿಸಿ ಅದನ್ನೇ ಮಾಡುತ್ತಾಳೆ. "ಇವತ್ತು ಒಂದು ಕಂಡೆ," ಎಂದು ಸಂದೇಶ ಹಾಕುತ್ತಾಳೆ. "ನಾನು ಎರಡು," ಎಂದು ನಾನು ಹಾಕುತ್ತೇನೆ.

"ಎಷ್ಟು ದಿನ ಮಾಡ್ತಿ ಇದನ್ನು? ಕಣ್ಣು ಹಾಳಾಗ್ತದೆ," ಎಂದರು ನಮ್ಮವರು ಮೊನ್ನೆ.

"ಅವನು ಎಷ್ಟು ದಿನ ಮಾಡ್ತಾನೋ ಅಷ್ಟು ದಿನ."

ದಿನಕರ ಈಗ ಮ್ಯಾನೇಜರ್. ಆ ಕೆಲಸ ವಹಿಸಿಕೊಂಡ ದಿನದ ಫೋಟೋ ಬಂತು. ನೀಲಿ ಅಂಗಿ. ಬಿಳಿಯದನ್ನು ಮಡಚಿ ಪೆಟ್ಟಿಗೆಯ ಅಡಿಗೆ ಹಾಕಿದ್ದಾರೆ, ಮತ್ತೆ ಮುಟ್ಟಿಲ್ಲ ಎಂದು ಮಮತಾ ಹೇಳಿದಳು. ನಾನು ಅವನಿಗೆ ಫೋನ್ ಮಾಡಿದೆ. ಒಳ್ಳೆಯ ದಿನಕ್ಕೆ ಅದನ್ನೇ ತೆಗೆದು ಹಾಕಬೇಕು, ಇಸ್ತ್ರಿ ಮಾಡಿ ಹಾಕಬೇಕು, ಅದು ಅಪ್ಪ ಠಾಣೆಗೆ ಹೋಗುವಾಗ ಹಾಕುತ್ತಿದ್ದಂಥ ಅಂಗಿ, ಕಂಡವರ ಪಾಲಿಗೆ ಬಿಟ್ಟುಕೊಡಲು ಆಗುವುದಿಲ್ಲ ಎಂದೆ.

"ನೋಡುವ ಅಕ್ಕ," ಎಂದ.

"ನೋಡುವುದಲ್ಲ. ಹಾಕು," ಎಂದೆ. ಈ ಸಲ ಹೇಳದೆ ಬಿಡಲಿಲ್ಲ.